ಇಬ್ಬರು ವೈದ್ಯರ ನಡುವಣ ಕಾಗದ

ಮರಾಠವಾಡದಲ್ಲಿ ಪೈಠಣದ ಹಾದಿಯಲ್ಲಿರುವ ಬಿಡಕಿನ್ನಿಗೆ ಕಾರ್ಖಾನೆಯ ಕೆಲಸಕ್ಕೆಂದು ಹೋಗಿ ನೆಲೆಸಿದ ಓದುಗರೊಬ್ಬರು ಬರೆದಿದ್ದಾರೆ. ಉನ್ಮಾದ, ವಿಷಾದಗಳು ಸರದಿಯಂತೆ ಬಂದೆರಗುವ ವ್ಯಾಧಿಯುಳ್ಳ ತಮ್ಮನಿಗೆ ಬೆಂಗಳೂರಿನ ತಜ್ಞರು ಲಿಥಿಯಂ ಗುಳಿಗೆಯನ್ನು ಗೊತ್ತುಮಾಡಿರುವರಂತೆ. ಪದೇ ಪದೇ ಅಷ್ಟು ದೂರ ಕರೆತರುವುದು ದುಸ್ಸಾಧ್ಯವಾದುದರಿಂದ ಅಲ್ಲಿಯ ವೈದ್ಯರ ಕೈಯಲ್ಲಿಯೇ ಚಿಕಿತ್ಸೆ ಮುಂದುವರಿಸಬಹುದೇ ಎಂಬುದು ಅವರ ಪ್ರಶ್ನೆ. ಮುಂದುವರಿಸಬಹುದು, ಆದರೆ ಇಬ್ಬರು ವೈದ್ಯರ ನಡುವೆ ಒಂದು ಕಾಗದ ಓಡಾಡುತ್ತಿರಬೇಕು.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಶಮನಕ್ಕೆ ಒದಗುವುದೆಂದು ತೋರಿಸಿಕೊಟ್ಟ ಈ ಲಿಥಿಯಂ, ನಮ್ಮ ಉಪ್ಪಿನಲ್ಲಿರುವ ಸೋಡಿಯಂನ ದಾಯಾದಿ. ಮೂತ್ರಪಿಂಡಕ್ಕೆ ಇವೆರಡರ ಭೇದ ಚೆನ್ನಾಗಿ ತಿಳಿಯದು. ಮರಾಠವಾಡದ ಬೇಸಗೆಯಲ್ಲಿ ಬೆವರು ಸುರಿದೋ, ವಾಂತಿಭೇದಿಯಿಂದಲೋ ದೇಹವು ನೀರನ್ನೂ ಉಪ್ಪನ್ನೂ ಕಳೆದುಕೊಂಡಾಗ, ಉಳಿದ ಸೋಡಿಯಂ ಅನ್ನು ಕೃಪಣನಂತೆ ಹಿಡಿದಿಡಹೊರಟ ಮೂತ್ರಪಿಂಡವು ಲಿಥಿಯಂ ಅನ್ನೂ ಜೊತೆಗೇ ಹಿಡಿದಿಡುತ್ತದೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನಷ್ಟಿದ್ದರೆ ಔಷಧ, 1.5 ದಾಟಿದರೆ ಕೈನಡುಕ, ವಾಂತಿ, ತಡವರಿಸುವ ನಡಿಗೆ. ಮೊಣಕಾಲು ನೋವಿಗೆಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳೂ ರಕ್ತದೊತ್ತಡದ ಕೆಲವು ಗುಳಿಗೆಗಳೂ ಈ ಮಟ್ಟವನ್ನು ಏರಿಸಬಲ್ಲವು. ಅವನ್ನು ಬರೆದುಕೊಡುವವರು ತಜ್ಞರಲ್ಲ, ಊರಿನ ವೈದ್ಯರು.

ಇದನ್ನು ಯೋಚಿಸುವಾಗಲೆಲ್ಲ ನನಗೆ ಕೆರೆಯ ನೀರುಗಂಟಿಯ ನೆನಪಾಗುತ್ತದೆ. ಏರಿಯ ಎತ್ತರವೆಷ್ಟು, ಕೋಡಿ ಎಲ್ಲಿ ಹರಿಯಬೇಕು ಎಂಬುದನ್ನು ಗೊತ್ತುಮಾಡಿದ ಇಂಜಿನಿಯರು ವರ್ಷಕ್ಕೊಮ್ಮೆ ಬಂದುಹೋಗುವನು. ತೂಬನ್ನು ಎಷ್ಟು ಎತ್ತಬೇಕು, ಏರಿಯ ಯಾವ ಮಗ್ಗುಲಲ್ಲಿ ಏಡಿಯ ಬಿಲದಿಂದ ನೀರು ಜಿನುಗುತ್ತಿದೆ ಎಂಬುದನ್ನು ನಿತ್ಯವೂ ಕಾಣುವವನು ನೀರುಗಂಟಿ. ಇಬ್ಬರಲ್ಲಿ ಹೆಚ್ಚು ಯಾರು ಎಂಬ ಜಿಜ್ಞಾಸೆ ಕೆರೆಗೆ ಬೇಡ. ಆದರೆ ಉಪಮಾನ ಒಂದೆಡೆ ಸೋಲುತ್ತದೆ: ಕೆರೆಯ ಮಟ್ಟ ತೂಬಿನ ಕಲ್ಲಿನ ಮೇಲೆ ಯಾರ ಕಣ್ಣಿಗೂ ಕಾಣುವುದು, ಲಿಥಿಯಂನ ಮಟ್ಟವಾದರೋ ರಕ್ತದೊಳಗೆ ಅಡಗಿದ್ದು, ಅಳೆದು ಬರೆದಿಟ್ಟರಲ್ಲದೆ ಇನ್ನೊಬ್ಬರಿಗೆ ತಿಳಿಯದು.

ತಜ್ಞರ ವಿದ್ಯೆಯನ್ನು ಹಳ್ಳಿಯ ವೈದ್ಯರೊಡನೆ ಹಂಚಿಕೊಳ್ಳುವ ಪ್ರಯೋಗ ನಮ್ಮಲ್ಲಿಯೇ ನಡೆದುದೆಂಬುದು ಅನೇಕರಿಗೆ ಮರೆತಿದೆ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ನಗರದ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋವ್ಯಾಧಿಗಳ ಹಾಗೂ ಅಪಸ್ಮಾರದ ಚಿಕಿತ್ಸೆಯನ್ನು ಅಲ್ಪಾವಧಿಯಲ್ಲಿ ಕಲಿಸುವ ಕ್ರಮವನ್ನು ರೂಪಿಸಿತು. ಮನೋವೈದ್ಯರಾದ ಆರ್. ಎಲ್. ಕಪೂರ್ ಮುಂತಾದವರ ಶ್ರಮದ ಫಲವದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕೃತವಾದ ತರುವಾಯ, ಸುಮಾರು ಇಪ್ಪತ್ತು ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಇದೇ ಕ್ರಮವನ್ನು ಪರೀಕ್ಷಿಸಿ ನೋಡಿದರು: ಕೆಲವೇ ಅವಶ್ಯ ಔಷಧಗಳು, ತರಬೇತಿ ಹೊಂದಿದ ಸಾಮಾನ್ಯ ವೈದ್ಯರು, ಬೆನ್ನಿಗೆ ಜಿಲ್ಲೆಯಲ್ಲೊಬ್ಬ ಮನೋವೈದ್ಯ. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಈಗ ರೋಗಿಯ ದಾಖಲೆಗಳನ್ನು ಒಂದೆಡೆ ಕೂಡಿಸುವ ಹದಿನಾಲ್ಕು ಅಂಕೆಗಳ ಆರೋಗ್ಯ ಸಂಖ್ಯೆ ಪ್ರತಿಯೊಬ್ಬರಿಗೂ ಬಂದರೆ ಎಲ್ಲವೂ ತಾನಾಗಿ ಸರಿಹೋಗುವುದೆಂದು ಹೇಳುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಬರೆಯುವ ಅಭ್ಯಾಸವಿಲ್ಲದ ಕೈಗೆ ಬಂಗಾರದ ಲೇಖನಿ ಕೊಟ್ಟೇನು ಫಲ?

ಆದುದರಿಂದ ಬಿಡಕಿನ್ನಿನ ಮಿತ್ರರಲ್ಲಿ ಬಿನ್ನಹವಿಷ್ಟೆ: ಗುಳಿಗೆಯ ಪ್ರಮಾಣ, ಕಳೆದ ಪರೀಕ್ಷೆಯ ಮಟ್ಟ ಮತ್ತು ತಾರೀಖು, ಮೂತ್ರಪಿಂಡ ಹಾಗೂ ಥೈರಾಯ್ಡ್ ಗ್ರಂಥಿಗಳ ಮುಂದಿನ ಪರೀಕ್ಷೆಯ ದಿನ, ಯಾವ ಲಕ್ಷಣ ಕಂಡರೆ ಯಾರಿಗೆ ತಿಳಿಸಬೇಕೆಂಬುದು, ಇಷ್ಟನ್ನೂ ತಜ್ಞರಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿರಿ. ರಕ್ತವನ್ನು ಹಿಂದಿನ ಗುಳಿಗೆ ನುಂಗಿದ ಹನ್ನೆರಡು ಗಂಟೆಗಳ ಮೇಲೆ ಕೊಡಿಸಿರಿ. ನೋವಿನ ಗುಳಿಗೆ ಕೇಳುವ ಮೊದಲು ಆ ಹಾಳೆಯನ್ನು ಊರಿನ ವೈದ್ಯರ ಮೇಜಿನ ಮೇಲೆ ಇಡಿರಿ.