ಎರಡು ಪದ್ಧತಿಗಳ ಮಲ್ಲ

ಕುಸ್ತಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತೋಳ್ಬಲ. ಆದರೆ ಅದರ ಮರ್ಮ ಬಲದಲ್ಲಿರುವಷ್ಟೇ ಅಭ್ಯಾಸದಲ್ಲಿಯೂ ಇದೆ. ವರ್ಷಗಟ್ಟಲೆ ಸಾಮು ಮಾಡಿ ಪಳಗಿದ ದೇಹ ಬುದ್ಧಿಯ ಅಪ್ಪಣೆಗಾಗಿ ಕಾಯುವುದಿಲ್ಲ. ಎದುರಾಳಿ ಅಲುಗಿದೊಡನೆ ಪಟ್ಟು ತಾನಾಗಿಯೇ ಬೀಳುತ್ತದೆ. ಹೀಗೆ ಮೈಗೂಡಿದ ಅಭ್ಯಾಸವನ್ನು ಒಂದೆರಡು ದಿನಗಳಲ್ಲಿ ಬದಿಗಿರಿಸಿ, ಅದಕ್ಕೆ ವಿರುದ್ಧವಾದ ಇನ್ನೊಂದು ಅಭ್ಯಾಸದಿಂದ ಸೆಣಸಬೇಕಾದರೆ? 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬಂದಿದ್ದ ಎಸ್ಟೋನಿಯದ ಕ್ರಿಸ್ಟ್ಯಾನ್ ಪಲುಸಲು ಎದುರಿಸಿದ್ದು ಇದೇ ಪರೀಕ್ಷೆಯನ್ನು.

ಒಲಿಂಪಿಕ್ ಕುಸ್ತಿಯಲ್ಲಿ ಎರಡು ಪದ್ಧತಿಗಳುಂಟು. ಗ್ರೀಕೊ-ರೋಮನ್ ಪದ್ಧತಿಯ ಹೆಸರು ಪ್ರಾಚೀನವಾಗಿ ಕಂಡರೂ ಅದು ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ. ಇದರಲ್ಲಿ ಸೊಂಟದಿಂದ ಕೆಳಗೆ ಹಿಡಿಯುವಂತಿಲ್ಲ. ಕಾಲು ಕೊಟ್ಟು ಕೆಡವುವಂತೆಯೂ ಇಲ್ಲ. ಜಟ್ಟಿಗಳು ನೆಟ್ಟಗೆ ನಿಂತು, ಎದೆಗೆ ಎದೆಯೊಡ್ಡಿ, ಎತ್ತಿ ಒಗೆಯಲು ಹವಣಿಸುತ್ತಾರೆ. ಫ್ರೀಸ್ಟೈಲ್‌ನಲ್ಲಿ ಕಾಲಿನ ಹಿಡಿತಕ್ಕೆ ಅಡ್ಡಿಯಿಲ್ಲ. ಈ ಮಟ್ಟಿಗೆ ಅದು ನಮ್ಮ ಗರಡಿಯ ಕುಸ್ತಿಗೆ ಹತ್ತಿರ. ಇಲ್ಲಿ ಬಗ್ಗಿ ನಿಲ್ಲಬೇಕು, ಕಾಲುಗಳನ್ನು ಕಾಯಬೇಕು. ಒಂದರಲ್ಲಿ ರಕ್ಷಣೆಯಾದ ನಿಲುವೇ ಇನ್ನೊಂದರಲ್ಲಿ ಅಪಾಯಕ್ಕೆ ಆಹ್ವಾನ.

ಪಲುಸಲು ಹುಟ್ಟಿದ್ದು 1908ರಲ್ಲಿ, ಪಶ್ಚಿಮ ಎಸ್ಟೋನಿಯದ ಒಂದು ಹಳ್ಳಿಯಲ್ಲಿ. ಆಗಿನ ಹೆಸರು ಟ್ರೊಸ್‌ಮನ್. ಜರ್ಮನ್ ಛಾಯೆಯ ಮನೆತನದ ಹೆಸರುಗಳನ್ನು ತೊರೆದು ದೇಶೀಯ ಹೆಸರುಗಳನ್ನು ಧರಿಸುವ ಅಲೆ 1930ರ ದಶಕದಲ್ಲಿ ಅಲ್ಲಿ ಎದ್ದಾಗ ಆತನೂ ಹೆಸರು ಬದಲಿಸಿಕೊಂಡ. ಸುಮಾರು 11 ಲಕ್ಷ ಜನರ ಆ ಪುಟ್ಟ ನಾಡಿಗೆ ಮಲ್ಲವಿದ್ಯೆ ಹೊಸದಲ್ಲ. ಲೋಕಪ್ರಸಿದ್ಧ ವೃತ್ತಿಮಲ್ಲರಾದ ಜಾರ್ಜ್ ಹ್ಯಾಕೆನ್‌ಸ್ಮಿತ್ ಮತ್ತು ಗೆಯೋರ್ಗ್ ಲೂರಿಕ್ ಅದೇ ಮಣ್ಣಿನವರು.

ಬರ್ಲಿನ್ನಿನಲ್ಲಿ ಆತ ಸ್ಪರ್ಧಿಸಿದ್ದು 87 ಕಿಲೋಗ್ರಾಂಗಿಂತ ಹೆಚ್ಚಿನ ತೂಕದ ವರ್ಗದಲ್ಲಿ. ಅಲ್ಲಿ ಎದುರಾಳಿಯ ಭಾರಕ್ಕೆ ಮಿತಿಯೇ ಇರಲಿಲ್ಲ. ಆಗಸ್ಟ್ 2ರಿಂದ 4ರವರೆಗೆ ಫ್ರೀಸ್ಟೈಲ್. ಚೆಕೊಸ್ಲೊವಾಕಿಯದ ಯೋಸೆಫ್ ಕ್ಲಾಪುಖ್‌ನನ್ನು ಹಿಂದಿಕ್ಕಿ ಚಿನ್ನದ ಪದಕ. ನಡುವೆ ಒಂದೇ ದಿನದ ಬಿಡುವು. 6ರಿಂದ 9ರವರೆಗೆ ಗ್ರೀಕೊ-ರೋಮನ್. ಸ್ವೀಡನ್ನಿನ ಯೋನ್ ನ್ಯೂಮನ್ ಎರಡನೆಯವನು, ಆತಿಥೇಯ ಜರ್ಮನಿಯ ಕುರ್ಟ್ ಹೋರ್ನ್‌ಫಿಷರ್ ಮೂರನೆಯವನು, ಚಿನ್ನ ಮತ್ತೆ ಪಲುಸಲುವಿಗೆ. ನಾಲ್ಕು ವರ್ಷಗಳ ಹಿಂದೆ, ಲಾಸ್ ಏಂಜಲೀಸ್‌ನಲ್ಲಿ, ಸ್ವೀಡನ್ನಿನ ಇವಾರ್ ಯೊಹಾನ್ಸನ್ ಎರಡೂ ಪದ್ಧತಿಗಳಲ್ಲಿ ಗೆದ್ದಿದ್ದನಾದರೂ ಅದು ಎರಡು ಬೇರೆ ಬೇರೆ ತೂಕದ ವರ್ಗಗಳಲ್ಲಿ. ಫ್ರೀಸ್ಟೈಲ್ ಮುಗಿದೊಡನೆ ಆತ ಮೈತೂಕ ಇಳಿಸಿಕೊಂಡು ಕೆಳಗಿನ ವರ್ಗದಲ್ಲಿ ಸೆಣಸಿದ. ಒಂದೇ ಒಲಿಂಪಿಕ್ಸ್‌ನಲ್ಲಿ, ಅತಿಭಾರದ ವರ್ಗದಲ್ಲಿ, ಎರಡೂ ಪದ್ಧತಿಗಳ ಚಿನ್ನವನ್ನು ಪಡೆದವನು ಪಲುಸಲು ಒಬ್ಬನೇ.

ಮರಳಿದ ವೀರನನ್ನು ನಾಡು ತಲೆಯ ಮೇಲೆ ಹೊತ್ತು ಮೆರೆಸಿತು. 1937ರಲ್ಲಿ ಆತ ಯುರೋಪಿನ ಚಾಂಪಿಯನ್ನನೂ ಆದ. ಆಮೇಲೆ ಗಾಯ ಆತನನ್ನು ಅಖಾಡದಿಂದ ದೂರವಿರಿಸಿತು. ಆದರೆ ಅದಕ್ಕಿಂತ ದೊಡ್ಡ ಆಘಾತ ಬಂದುದು 1940ರಲ್ಲಿ. ಸೋವಿಯತ್ ಒಕ್ಕೂಟ ಎಸ್ಟೋನಿಯವನ್ನು ಸೇರಿಸಿಕೊಂಡಿತು. ಮರುವರ್ಷ ಸೈನ್ಯಕ್ಕೆಂದು ಕರೆದೊಯ್ದು ಆತನನ್ನು ಉತ್ತರ ರಷ್ಯದ ಕೋಟ್ಲಾಸ್‌ನ ದುಡಿಮೆಯ ಶಿಬಿರಕ್ಕೆ ಕಳುಹಿಸಲಾಯಿತು. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದವನನ್ನು ಫಿನ್ಲೆಂಡಿನ ವಿರುದ್ಧದ ರಣರಂಗಕ್ಕೆ ಅಟ್ಟಿದರು. ಅಲ್ಲಿ ಆತ ಫಿನ್ನರ ಕಡೆಗೆ ದಾಟಿದ. ಶತ್ರುಪಡೆಯ ಸೈನಿಕನಾಗಿ ಕೈಗೆ ಸಿಕ್ಕವನು ಒಲಿಂಪಿಕ್ಸ್ ಗೆದ್ದ ಮಲ್ಲನೆಂದು ಗುರುತಿಸಿ, ಫಿನ್ನರು ಆತನನ್ನು ತಾಯ್ನಾಡಿಗೆ ಕಳುಹಿಸಿಕೊಟ್ಟರು. ಅಖಾಡದ ಕೀರ್ತಿ ಜೀವ ಉಳಿಸಿದ್ದು ಹೀಗೆ.

ಯುದ್ಧಾನಂತರ ಮತ್ತೆ ಸೋವಿಯತ್ ಆಳ್ವಿಕೆ. ಪಲುಸಲು ತಾಲಿನ್ ನಗರದಲ್ಲಿ ತೀರಿಕೊಂಡದ್ದು 1987ರಲ್ಲಿ. ಎಸ್ಟೋನಿಯ ಸ್ವಾತಂತ್ರ್ಯವನ್ನು ಮರಳಿ ಪಡೆದದ್ದು 1991ರಲ್ಲಿ. ತನ್ನದೇ ಧ್ವಜದಡಿ ಒಲಿಂಪಿಕ್ಸ್‌ಗೆ ಮತ್ತೆ ಬಂದದ್ದು 1992ರಲ್ಲಿ. ಆ ದಿನವನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ.

ಪದ್ಧತಿ ಬದಲಾದರೂ ಎಡವದ ಕಸುವನ್ನು ಪಲುಸಲು ಅಭ್ಯಾಸದಿಂದ ಗಳಿಸಿದ್ದ. ಆದರೆ ಆಳುವವರು ಬದಲಾದಾಗ ಬದುಕುವುದನ್ನು ಯಾವ ಗರಡಿಯೂ ಕಲಿಸುವುದಿಲ್ಲ. ದೇಶದ ಹೆಸರು ಭೂಪಟದಿಂದ ಅಳಿಸಿಹೋಗಿದ್ದ ಅರ್ಧ ಶತಮಾನದಲ್ಲಿಯೂ ಬರ್ಲಿನ್ನಿನ ವಿಜೇತರ ಪಟ್ಟಿಯಲ್ಲಿ ಪಲುಸಲುವಿನ ಹೆಸರಿನ ಮುಂದೆ 'ಎಸ್ಟೋನಿಯ' ಎಂಬ ಪದ ಎರಡು ಬಾರಿ ಉಳಿದೇ ಇತ್ತು.