ನಾನು ಆ ಡಾಕ್ಟರ್ ಅಲ್ಲವ್ವಾ!

ಬಳ್ಳಾರಿ: ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಮೊನ್ನೆ ಸಂಜೆ ಇಬ್ಬರು ‘ಡಾಕ್ಟರ’ರನ್ನು ಒಟ್ಟಿಗೆ ನೋಡುವ ಭಾಗ್ಯ ಈ ವರದಿಗಾರನಿಗೆ ಒದಗಿತು. ಒಬ್ಬರು ಮೇಲೆ, ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತಿದ್ದರು. ಹೆಸರಿನ ಹಿಂದೆ ‘ಡಾ.’, ಕೆಳಗೆ ‘ಖ್ಯಾತ ಸಮಾಜ ಸೇವಕರು’. ಯಾವುದೋ ಸಂಸ್ಥೆಯವರು ಕೊಟ್ಟ ಗೌರವ ಡಾಕ್ಟರೇಟ್, ಅಭಿಮಾನಿಗಳಿಂದ ಹುಟ್ಟುಹಬ್ಬದ ಶುಭಾಶಯ. ಇನ್ನೊಬ್ಬರು ಕೆಳಗೆ, ಅದೇ ಫ್ಲೆಕ್ಸಿನ ನೆರಳಲ್ಲಿ ಬೈಟೂ ಟೀ ಕುಡಿಯುತ್ತಿದ್ದರು. ಇವರು ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಸಮಾಜಕಾರ್ಯದಲ್ಲಿ ಪಿಎಚ್.ಡಿ. ಪಡೆದವರು. ಇವರಿಗೆ ಫ್ಲೆಕ್ಸ್ ಇಲ್ಲ. ಅದು ಹಾಳಾಗಿ ಹೋಗಲಿ, ಖಾಯಂ ನೌಕರಿಯೂ ಇಲ್ಲ.

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಬಂದ ನನಗೆ ಪಿಎಚ್.ಡಿ. ಎಂದರೆ ದೂರದ ಬೆಟ್ಟ; ನುಣ್ಣಗೇ ಕಾಣುತ್ತಿತ್ತು. ಇವರ ಪಕ್ಕ ಒಂದು ಗಂಟೆ ಕೂತ ಮೇಲೆ ಕಲ್ಲು ಮುಳ್ಳು ಕಂಡವು.

“ಡಿಗ್ರಿ ಬಂದ ದಿನ ಅವ್ವ ಮೊಣಕಾಲು ನೋವಿಗೆ ಗುಳಿಗೆ ಕೇಳಿದ್ಲು ಸಾರ್. ನಾನು ಆ ಡಾಕ್ಟರ್ ಅಲ್ಲವ್ವಾ ಅಂದೆ. ಮತ್ತೆ ಇಷ್ಟು ವರ್ಷ ಏನ್ ಓದಿದಿ ಅಂದ್ಲು. ಇವತ್ತಿಗೂ ಉತ್ತರ ಹೇಳಾಕ ಆಗಿಲ್ಲ” ಎಂದು ನಕ್ಕರು. ನಗುವಿನಲ್ಲಿ ನಗು ಕಡಿಮೆ ಇತ್ತು. ತಂದೆ ಹಮಾಲಿ. ವಯಸ್ಸು ಮೂವತ್ತಾರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಸೇವೆ ಬೇರೆ, ಕಾರ್ಯ ಬೇರೆ

ಓದುಗರು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನೋಟ್‌ಬುಕ್ ಹಂಚುವುದು, ಹಣ್ಣು ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸಮಾಜಸೇವೆ ಇರಬಹುದು. ಸಮಾಜಕಾರ್ಯ ಒಂದು ವೃತ್ತಿ. ಕುಡಿತಕ್ಕೆ ಬಿದ್ದವನ ಮನೆಯನ್ನು ಹೇಗೆ ನಿಲ್ಲಿಸಬೇಕು, ಓಡಿಬಂದ ಹುಡುಗನನ್ನು ಹೇಗೆ ಮಾತಾಡಿಸಬೇಕು ಎನ್ನುವುದಕ್ಕೆಲ್ಲ ಅಲ್ಲಿ ಪದ್ಧತಿ ಇದೆ, ತರಬೇತಿ ಇದೆ. 1936ರಲ್ಲಿ ಮುಂಬೈನಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ಶುರುವಾದ ಶಾಲೆಯೇ ನಮ್ಮ ದೇಶದಲ್ಲಿ ಈ ಓದಿಗೆ ತಾಯಿಬೇರು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನಮ್ಮ ರಾಜ್ಯದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಇದನ್ನು ಕಲಿಸುತ್ತಿದೆ. ಎಂ.ಎಸ್.ಡಬ್ಲ್ಯು. ಮುಗಿಸಿದವರಿಗೆ ಕಾರ್ಖಾನೆ, ಆಸ್ಪತ್ರೆ, ಸಂಘ ಸಂಸ್ಥೆಗಳಲ್ಲಿ ಹೇಗೋ ಅನ್ನ ಹುಟ್ಟುತ್ತದೆ. ಅದರ ಮೇಲೆ ಪಿಎಚ್.ಡಿ. ಮಾಡಿದರೆ? ಅಲ್ಲೇ ಇರುವುದು ತಕರಾರು.

ಆಟದ ನಡುವೆ ನಿಯಮ ಬದಲು

ಎಲ್ಲರ ಕಣ್ಣೂ ಮೊದಲು ಬೀಳುವುದು ಕಾಲೇಜಿನ ಮೇಲೆ. 2018ರಲ್ಲಿ ಯುಜಿಸಿ ಒಂದು ಕಟ್ಟಳೆ ತಂದಿತು. 2021ರ ಜುಲೈನಿಂದ ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಕಡ್ಡಾಯ ಎಂದಿತು. ನಮ್ಮ ಡಾಕ್ಟರು ಆಗಲೇ ಕೆ-ಸೆಟ್ ಪಾಸಾಗಿದ್ದರು. ಆದರೂ ಕಡ್ಡಾಯ ಅಂದ ಮೇಲೆ ಬಿಡುವುದುಂಟೇ? ಸಾಲ ಮಾಡಿ ಸೇರಿದರು. ಆಮೇಲೆ ಗಡುವು 2023ರ ಜುಲೈಗೆ ಹೋಯಿತು. ಆ ಗಡುವಿನ ಹೊಸ್ತಿಲಲ್ಲೇ ಯುಜಿಸಿ ಮತ್ತೆ ಮನಸ್ಸು ಬದಲಿಸಿತು. ನೆಟ್ ಅಥವಾ ಸೆಟ್ ಸಾಕು, ಪಿಎಚ್.ಡಿ. ಇದ್ದರೆ ಇರಲಿ ಎಂದಿತು!

“ಅಷ್ಟೊತ್ತಿಗೆ ನಾನು ಐದನೇ ವರ್ಷದಾಗ ಇದ್ದೆ ಸಾರ್. ಹೊಳೆ ನಡುವೆ ನಿಂತವನಿಗೆ ದೋಣಿ ಬೇಕಾಗಿಲ್ಲ ಅಂದಂಗಾತು.”

ಹಾಗೆಂದು ಪದವಿ ವ್ಯರ್ಥ ಎನ್ನುವಂತಿಲ್ಲ. ಮುಂದೆ ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಹುದ್ದೆಗೆ ಏರಲು ಪಿಎಚ್.ಡಿ. ಬೇಕೇ ಬೇಕು. ಆದರೆ ಮೊದಲ ಮೆಟ್ಟಿಲೇ ಸಿಗದವನಿಗೆ ಮೇಲಿನ ಮೆಟ್ಟಿಲಿನ ಕಥೆ ಹೇಳಿ ಏನು ಬಂತು? ಖಾಯಂ ಸಹಾಯಕ ಪ್ರಾಧ್ಯಾಪಕನ ಆರಂಭದ ಮೂಲ ವೇತನ ಏಳನೇ ವೇತನ ಶ್ರೇಣಿಯಲ್ಲಿ 57,700 ರೂಪಾಯಿ. ಅತಿಥಿ ಉಪನ್ಯಾಸಕನ ಲೆಕ್ಕ ಬೇರೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಯುಜಿಸಿ ಅರ್ಹತೆ ಇದ್ದವರಿಗೆ 2022ರ ಜನವರಿಯಲ್ಲಿ ನಿಗದಿಯಾದದ್ದು 30ರಿಂದ 32 ಸಾವಿರ. ಅದಕ್ಕೂ ಮೊದಲು 13 ಸಾವಿರ ಇತ್ತು. ‘ಅತಿಥಿ’ ಎಂದು ಹೆಸರಿಟ್ಟು ವರ್ಷವರ್ಷವೂ ಬಾಗಿಲಲ್ಲಿ ನಿಲ್ಲಿಸುವ ಉಪಚಾರ ಬೇರೆಲ್ಲೂ ಕಾಣೆ. ಅದರ ಮೇಲೆ ಬಿ.ಎಸ್.ಡಬ್ಲ್ಯು. ಇರುವ ಕಾಲೇಜುಗಳೇ ಕಡಿಮೆ. ವಿದ್ಯಾರ್ಥಿಗಳು ಸೇರದಿದ್ದರೆ ಪಾಠವೂ ಇಲ್ಲ, ಅತಿಥಿಯೂ ಇಲ್ಲ.

ಬೇರೆ ಬಾಗಿಲುಗಳು

ಕಾಲೇಜು ಬಿಟ್ಟರೆ ದಾರಿಯೇ ಇಲ್ಲವೇ? ಇದೆ. ಆದರೆ ಒಂದೊಂದು ಬಾಗಿಲಿಗೆ ಒಂದೊಂದು ಬೀಗ.

ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಮನೋರೋಗಿಗಳನ್ನು ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡಿಕೊಳ್ಳಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಆ ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಜಾಗ ಇದೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಹೆಸರಿಗೆ ಎಂ.ಎಸ್.ಡಬ್ಲ್ಯು. ಜೊತೆಗೆ ಆಸ್ಪತ್ರೆ ತರಬೇತಿ ಇರುವ ಎರಡು ವರ್ಷದ ಎಂ.ಫಿಲ್. ಕೇಳುತ್ತದೆ. ಬರೀ ಪಿಎಚ್.ಡಿ. ಹಿಡಿದು ಹೋದರೆ ಬಾಗಿಲು ತೆರೆಯುವುದಿಲ್ಲ. ಇದನ್ನು ಪಿಎಚ್.ಡಿ.ಗೆ ಸೇರುವ ಮೊದಲೇ ಹುಡುಗರಿಗೆ ಯಾರಾದರೂ ಹೇಳಬೇಕಲ್ಲವೇ?

ಇನ್ನು ಕಂಪನಿಗಳು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ಆ ಹಣ ಎಲ್ಲಿ, ಹೇಗೆ ಖರ್ಚಾಗಬೇಕು ಎಂದು ನೋಡಲು ಕಲಿತ ಜನ ಬೇಕು. ಭೂಸ್ವಾಧೀನಕ್ಕೂ ಅಷ್ಟೇ. 2013ರ ಹೊಸ ಕಾನೂನಿನಲ್ಲಿ ಜಮೀನು ಹಿಡಿಯುವ ಮೊದಲು ಜನರ ಮೇಲಾಗುವ ಪರಿಣಾಮದ ಅಧ್ಯಯನ ನಡೆಯಬೇಕು. ಅದನ್ನು ಒರೆಗೆ ಹಚ್ಚುವ ಸಮಿತಿಯಲ್ಲಿ ಇಬ್ಬರು ಸರ್ಕಾರೇತರ ಸಮಾಜ ವಿಜ್ಞಾನಿಗಳಿರಬೇಕು. ಮಕ್ಕಳ ಕಲ್ಯಾಣ ಸಮಿತಿ, ಬಾಲ ನ್ಯಾಯ ಮಂಡಳಿಗಳಲ್ಲೂ ಸಮಾಜಕಾರ್ಯ ಓದಿದವರಿಗೆ ಅವಕಾಶ ಉಂಟು. ಆದರೆ ಅದು ಮೂರು ವರ್ಷದ ಅವಧಿ, ಕೂತ ದಿನಕ್ಕೆ ಭತ್ಯೆ. ಗೌರವ ಇದೆ, ಸಂಸಾರ ನಡೆಯುವುದಿಲ್ಲ.

ಪುಸ್ತಕದ ಮೇಲೆ ಧೂಳು

ಈಗ ಮುಖ್ಯ ಮಾತು. ನಮ್ಮ ಡಾಕ್ಟರು ಆರು ವರ್ಷ ಏನು ಬರೆದರು ಗೊತ್ತೇ? ಗಣಿ ಕೆಲಸಕ್ಕೆ ಹೋದವರ ಮಕ್ಕಳು ಶಾಲೆಯನ್ನು ಯಾಕೆ ಬಿಟ್ಟರು ಎಂದು. ಕೆಂಪು ಧೂಳಿನ ಊರುಗಳನ್ನು ಬೈಕಿನಲ್ಲಿ ಸುತ್ತಿ, ಮನೆಮನೆಗೆ ಹೋಗಿ, ತಾಯಂದಿರನ್ನು ಕೂರಿಸಿ ಕೇಳಿ ಬರೆದದ್ದು. 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ್ದು ಇದೇ ಜನರಿಗಾಗಿ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಅದರ ಆದ್ಯತೆ. ಹಣ ಖರ್ಚು ಮಾಡುವವರು ಒಂದು ಕಡೆ, ಹಣ ಎಲ್ಲಿಗೆ ಮುಟ್ಟಬೇಕೆಂದು ಬಲ್ಲವನು ಟೀ ಅಂಗಡಿಯಲ್ಲಿ.

“ಆ ಪ್ರಬಂಧ ಎಷ್ಟು ಮಂದಿ ಓದ್ಯಾರ?” ಎಂದು ಕೇಳಿದೆ.

“ಗೈಡು, ಪರೀಕ್ಷಕರು, ನಾನು. ಟೈಪ್ ಮಾಡಿದ ಹುಡುಗನೂ ಓದಿರಬೇಕು ಸಾರ್. ಒಂದು ಪುಟದಾಗ ಅವನೇ ಅತ್ತನಂತ.”

ಪ್ರಬಂಧ ಸಿಗುವುದಿಲ್ಲ ಎಂಬ ನೆವ ನಡೆಯದು. ವಿಶ್ವವಿದ್ಯಾಲಯದ ಕಪಾಟಿನಲ್ಲಿದೆ, ‘ಶೋಧಗಂಗಾ’ ಎಂಬ ಕಂಪ್ಯೂಟರ್ ಭಂಡಾರದಲ್ಲೂ ಇದೆ. ಅಧಿಕಾರಿಗಳು ಕುರ್ಚಿಯಿಂದ ಏಳದೆ ಓದಬಹುದು. ಜಿಲ್ಲೆಯ ಬಗ್ಗೆ ಸಂಶೋಧನೆ ಮಾಡಿದವರ ಪಟ್ಟಿ ಒಂದನ್ನು ಮಾಡಿ, ವರ್ಷಕ್ಕೆ ಒಂದು ದಿನ ಕರೆಸಿ ಕೂರಿಸಿ ಕೇಳಿದರೆ ಖಜಾನೆಗೆ ಬೀಳುವ ಖರ್ಚು ಊಟ, ಚಹಾದ್ದು. ಅಧ್ಯಯನದ ಕೆಲಸ ಬಂದಾಗ ಮೊದಲು ಇವರನ್ನು ಕೇಳಿದರೆ ಅನ್ನವೂ ಆದೀತು.

ಏಳುವಾಗ ಡಾಕ್ಟರು ಚೀಲದಿಂದ ಒಂದು ಅರ್ಜಿ ತೆಗೆದು ತೋರಿಸಿದರು. ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯತ್ವಕ್ಕೆ. “ಸಂಬಳ ಇಲ್ಲ ಅಂತ ಗೊತ್ತು. ಆದ್ರೆ ಆ ಮಕ್ಕಳ ಮಾತು ಕೇಳಿದವನು ನಾನು. ಅಲ್ಲಿ ಕೂತ್ರೆ ಅವ್ವನಿಗೆ ಏನ್ ಓದಿದೆ ಅಂತ ತೋರಿಸಬಹುದು” ಎಂದರು. ಟೀ ದುಡ್ಡು ಕೊಡಲು ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವರೇ ಕೊಟ್ಟಿದ್ದರು.

ಮೇಲೆ ಫ್ಲೆಕ್ಸಿನ ಡಾಕ್ಟರು ಇನ್ನೂ ಕೈ ಮುಗಿದೇ ನಿಂತಿದ್ದರು. ಕೆಳಗಿನ ಡಾಕ್ಟರ ಕಡೆ ಸಂಬಂಧಪಟ್ಟವರು ಒಮ್ಮೆ ತಿರುಗಿ ನೋಡುವರೇ?