ಹದಿಮೂರಕ್ಕೆ ಸ್ಟಾರ್... ಇಪ್ಪತ್ತೈದಕ್ಕೆ ಸಾವು!

ಹದಿಮೂರು ವಯಸ್ಸು ಅಂದ್ರೆ ನಮ್ಮಲ್ಲಿ ಇನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗೋ ಕಾಲ. ಆ ವಯಸ್ಸಿನಲ್ಲೇ ಅಮೆರಿಕದ ಒಬ್ಬ ಬಡ ಕಪ್ಪು ಹುಡುಗ ಇಡೀ ದೇಶವನ್ನು ಕುಣಿಸಿಬಿಟ್ಟ. ಅವನೇ ಫ್ರಾಂಕಿ ಲೈಮನ್!

ಬೀದಿ ಮೂಲೆಯ ಸಂಗೀತ

ಹುಟ್ಟಿದ್ದು 1942ರ ಸೆಪ್ಟೆಂಬರ್ 30, ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ. ಎಳೆಯ ವಯಸ್ಸಿಗೇ ದಿನಸಿ ಅಂಗಡಿಯಲ್ಲಿ ದುಡಿತ. ಆಗ ಅಲ್ಲಿನ ಹುಡುಗರಿಗೆ 'ಡೂ-ವಾಪ್' ಹುಚ್ಚು. ವಾದ್ಯ ಕೊಳ್ಳಲು ಕಾಸಿಲ್ಲ, ಆದರೇನು? ಬೀದಿ ಮೂಲೆಯಲ್ಲಿ ನಿಂತು ಒಬ್ಬ ಹಾಡೋದು, ಉಳಿದವರು ಬಾಯಲ್ಲೇ 'ಡೂ... ವಾಪ್...' ಅಂತ ಹಿಮ್ಮೇಳ ಕೊಡೋದು! ಹರ್ಮನ್ ಸ್ಯಾಂಟಿಯಾಗೊ, ಜಿಮ್ಮಿ ಮರ್ಚೆಂಟ್, ಜೋ ನೆಗ್ರೋನಿ, ಶೆರ್ಮನ್ ಗಾರ್ನ್ಸ್ ಎಂಬ ನಾಲ್ವರ ಜೊತೆ ಫ್ರಾಂಕಿ ಸೇರಿದ. ತಂಡದ ಹೆಸರು 'ಟೀನೇಜರ್ಸ್'.

1956ರ ಜನವರಿಯಲ್ಲಿ 'ವೈ ಡು ಫೂಲ್ಸ್ ಫಾಲ್ ಇನ್ ಲವ್' ಪ್ಲೇಟು ಹೊರಬಂತು. ಹೆಣ್ಣು ಕಂಠದಷ್ಟು ಎತ್ತರಕ್ಕೆ ಹಾರುವ ಆ ದನಿ ಕೇಳಿ ಜನ ಮರುಳಾದರು. ಅಮೆರಿಕದಲ್ಲಿ ಆರನೇ ಸ್ಥಾನ, ಇಂಗ್ಲೆಂಡಿನಲ್ಲಿ ನಂಬರ್ ಒನ್! ಅದೇ ವರ್ಷ 'ರಾಕ್ ರಾಕ್ ರಾಕ್' ಚಿತ್ರದಲ್ಲಿ 'ನಾನು ಪೋಲಿ ಹುಡುಗನಲ್ಲ' ಎಂಬರ್ಥದ ಹಾಡಿಗೆ ಬಾಯಿತೆರೆದ. ಆದರೆ ವಿಧಿ ನಗುತ್ತಿತ್ತು...

ದನಿ ಒಡೆಯಿತು, ಬದುಕೂ ಒಡೆಯಿತು

1957ರಲ್ಲಿ ತಂಡದಿಂದ ಬೇರೆಯಾದ. ಅದೇ ವರ್ಷ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಬಿಳಿಯ ಹುಡುಗಿಯೊಬ್ಬಳ ಜೊತೆ ನಾಲ್ಕು ಹೆಜ್ಜೆ ಕುಣಿದ. ಅಷ್ಟಕ್ಕೇ ದಕ್ಷಿಣ ರಾಜ್ಯಗಳಲ್ಲಿ ಗಲಾಟೆ, ಕಾರ್ಯಕ್ರಮವೇ ಬಂದ್! ಅಷ್ಟರಲ್ಲಿ ಮೀಸೆ ಚಿಗುರುವ ವಯಸ್ಸು ಬಂತು, ಆ ಎಳೆಯ ದನಿ ಒಡೆದುಹೋಯಿತು. ಹದಿನೈದಕ್ಕೇ ಹೆರಾಯಿನ್ ಚಟ ಹತ್ತಿತ್ತೆಂದು 1967ರಲ್ಲಿ ಅವನೇ ಪತ್ರಿಕೆಗೆ ಹೇಳಿಕೊಂಡ.

ಮತ್ತೆ ಹಾಡಬೇಕೆಂಬ ಆಸೆಯಿಂದ ನ್ಯೂಯಾರ್ಕ್‌ಗೆ ಬಂದವನು, 1968ರ ಫೆಬ್ರವರಿ 27ರಂದು ಅಜ್ಜಿಯ ಮನೆಯ ಬಚ್ಚಲಲ್ಲಿ ಹೆಣವಾಗಿ ಬಿದ್ದಿದ್ದ. ಕಾರಣ ಅದೇ ಹೆರಾಯಿನ್.

ಹಾಡು ಯಾರದು? ಹಣ ಯಾರಿಗೆ?

ಹಾಡುಗಾರ ಸತ್ತ, ಹಾಡು ಸಾಯಲಿಲ್ಲ. 1981ರಲ್ಲಿ ಡಯಾನಾ ರಾಸ್ ಅದನ್ನೇ ಹಾಡಿ ಮತ್ತೆ ಹಿಟ್ ಮಾಡಿದರು. ಹಣ ಹರಿಯಿತು ನೋಡಿ, 'ಫ್ರಾಂಕಿಯ ಹೆಂಡತಿ ನಾನೇ' ಅಂತ ಮೂವರು ಕೋರ್ಟಿಗೆ ಬಂದರು! ಕೊನೆಗೆ ಗೆದ್ದವರು ಜಾರ್ಜಿಯಾದ ಒಬ್ಬ ಶಾಲಾ ಶಿಕ್ಷಕಿ.

ಇದಕ್ಕಿಂತ ಕಹಿ ಕಥೆ ಇನ್ನೊಂದಿದೆ. ಹಾಡು ಬರೆದವರ ಜಾಗದಲ್ಲಿ ಫ್ರಾಂಕಿ ಜೊತೆ ಇದ್ದದ್ದು ಪ್ಲೇಟು ಕಂಪನಿಯ ಜಾರ್ಜ್ ಗೋಲ್ಡ್‌ನರ್ ಹೆಸರು. ಆಮೇಲೆ ಆ ಜಾಗಕ್ಕೆ ಮಾರಿಸ್ ಲೆವಿ ಎಂಬ ಇನ್ನೊಬ್ಬ ಧಣಿ! 'ಬರೆದದ್ದು ನಾವು' ಅಂತ ಸ್ಯಾಂಟಿಯಾಗೊ, ಮರ್ಚೆಂಟ್ ದಾವೆ ಹೂಡಿದರು. 1992ರಲ್ಲಿ ಜ್ಯೂರಿ ಹೌದೆಂದಿತು. 1996ರಲ್ಲಿ ಮೇಲಿನ ಕೋರ್ಟು 'ವಾಯಿದೆ ಮೀರಿದೆ' ಅಂತ ಅದನ್ನು ತಳ್ಳಿಹಾಕಿತು. ಸತ್ಯ ಗೆದ್ದರೂ ಕಾಸು ಸಿಗಲಿಲ್ಲ!

1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನಲ್ಲಿ ಅವನಿಗೂ ಟೀನೇಜರ್ಸ್‌ಗೂ ಜಾಗ ಸಿಕ್ಕಿತು. 1998ರಲ್ಲಿ ಅವನ ಕಥೆಯೇ ಸಿನಿಮಾ ಆಯಿತು. ಬದುಕಿದ್ದಾಗ ಬೇಕಿದ್ದದ್ದು ಇದಲ್ಲ ಗೆಳೆಯರೇ... ಎಳೆ ಹುಡುಗನಿಗೆ ದುಡ್ಡು, ಚಪ್ಪಾಳೆ ಕೊಡಲು ಸಾವಿರ ಕೈ ಇದ್ದವು. ಹೆಗಲ ಮೇಲಿಟ್ಟು 'ಬೇಡ ಮಗು' ಅನ್ನುವ ಒಂದು ಕೈ ಅವನಿಗೆ ಸಿಗಲಿಲ್ಲ.